ನಡುಹೊಳೆಯಲ್ಲಿ ಇಳಿದುಹೋದ ವಕೀಲರು

ಬೋನಾಳದ ಹತ್ತಿರದ ನಮ್ಮ ಹೊಲಕ್ಕೆ ಕಾಲುವೆ ನೀರಿನ ಸರದಿ ಬಂದ ದಿನ ಮೇಲಿನ ಹೊಲದವನು ತೂಬು ಮುಚ್ಚಿದ. ಅವ್ವ ಹೋಗಿ ತೆರೆದಳು. ಅವನು ಅವಳ ತುರುಬು ಹಿಡಿದು ದರದರ ಎಳೆದು, ಮುಖವನ್ನು ನೀರಿನಲ್ಲಿ ಅದುಮಿದ. ಅಣ್ಣ ಓಡಿಬಂದು ಕೊಡಲಿ ಬೀಸಿದ. ಅವನ ಭುಜದ ಎಲುಬು ಸೀಳಿತು, ನೀರು ಕೆಂಪಾಗಿ ನಮ್ಮ ಭತ್ತದ ಮಡಿಗೇ ಹರಿಯಿತು.

ನಾನಾಗ ಶಹಾಪುರದಲ್ಲಿ ಗಂಡನ ಮನೆಯಲ್ಲಿದ್ದೆ. ಇದನ್ನೆಲ್ಲ ಅಣ್ಣನ ಬಾಯಿಂದ ಕೇಳಿದೆನೇ ಹೊರತು ಅವ್ವನ ಬಾಯಿಂದಲ್ಲ. ಪರಗಂಡಸು ಕೂದಲಿಗೆ ಕೈ ಹಾಕಿದ ಎಂದು ಅವಳು ಪೊಲೀಸರಿಗೂ ಹೇಳಲಿಲ್ಲ, ಮನೆಯಲ್ಲೇ ಇದ್ದೆ ಅಂದಳು. ಕಂಡ ಉಳಿದವರೆಲ್ಲ ಅವನ ಕಡೆಯವರು.

ತಪ್ಪು ಮಾಡಿದರೆ ದೇವರ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುವುದು ನಮ್ಮ ಮನೆಯ ರೂಢಿ. ಅಣ್ಣ ರಕ್ತದ ಅಂಗಿಯಲ್ಲೇ ತಿಂಥಣಿಗೆ ಹೋಗಿ, ಮೌನೇಶ್ವರನ ಗುಡಿಯಲ್ಲಿ ನಾನೇ ಹೊಡೆದೆ ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿದ. ಪೊಲೀಸರಿಗೆ ಹುಡುಕುವ ಕಷ್ಟವನ್ನೂ ಕೊಡಲಿಲ್ಲ, ಪುಣ್ಯಾತ್ಮ.

ಆ ದಿನ ಇವನು ಕಡೇಚೂರಿನ ಫ್ಯಾಕ್ಟರಿಗೆ ಕೂಲಿಗೆ ಹೋಗಿದ್ದ ಎಂದು ಸಾಧಿಸೋಣ ಎಂದರು ನಮ್ಮ ವಕೀಲರು. ಯಾದಗಿರಿ ಕೋರ್ಟಿನ ವರಾಂಡದಲ್ಲಿ ಪೊಲೀಸರ ನಡುವೆ ನಿಂತಿದ್ದ ಅಣ್ಣ ವಕೀಲರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

"ದೇವ್ರ ಮುಂದ ಹೌದಂದಿದ್ದು ಇಲ್ಲಿ ಅಲ್ಲ ಅನ್ಲೇನ್ರಿ?"

ಬೆನ್ನಿಗೆ ಲಾಠಿ ಬಿದ್ದ ಮೇಲೆ ಕೈ ಸಡಿಲಿಸಿದ. ಸಾಕ್ಷಿ ವಿಚಾರಣೆ ಶುರುವಾಗುವ ದಿನವೇ ವಕೀಲರು ಈ ಕೇಸು ನನಗೆ ಬೇಡ ಎಂದು ಕೋರ್ಟಿಗೆ ಬರೆದುಕೊಟ್ಟರು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರುಂಟು. ನಮ್ಮ ಅಂಬಿಗ ನಡುಹೊಳೆಯಲ್ಲೇ ಇಳಿದುಹೋದ. ಇನ್ನು ಕೇಸು ಸೋತಂತೆಯೇ ಎಂದುಕೊಂಡೆ. ಆದರೂ ಕೂತಲ್ಲಿಂದ ಎದ್ದು, ವಕೀಲರು ಬಿಟ್ಟುಹೋದರು, ದಿನ ಕೊಡಿ ಎಂದು ಜಡ್ಜರನ್ನು ಕೇಳಿದೆ. ವಕೀಲರಿಲ್ಲದೆ ಇಲ್ಲಿ ಯಾರ ವಿಚಾರಣೆಯೂ ನಡೆಯುವುದಿಲ್ಲ ಎಂದರು ಅವರು. ಹಳೆಯ ವಕೀಲರು ಕಾಗದಪತ್ರ ಹಿಂದಿರುಗಿಸಬೇಕು ಎಂದು ಹೇಳಿ, ವಿಚಾರಣೆ ಮುಂದೂಡಿ, ಕಾನೂನು ನೆರವಿನ ಕಚೇರಿಯಿಂದ ಬಿಟ್ಟಿ ವಕೀಲರನ್ನು ಕೊಡಿಸಿದರು.

ಬಂದವರು ಸಣ್ಣ ವಯಸ್ಸಿನ ಹೆಣ್ಣುಮಗಳು. ಹೊಡೆದದ್ದು ಹೌದು ಎಂದೇ ವಾದಿಸೋಣ, ಯಾಕೆ ಹೊಡೆದ ಎಂಬುದನ್ನು ಮಾತ್ರ ತಾಯಿಯೇ ಹೇಳಬೇಕು, ಇಲ್ಲವಾದರೆ ಕೊಲೆಯತ್ನದ ಕೇಸಿನಲ್ಲಿ ಜೈಲಿನಲ್ಲೇ ಮುದುಕನಾಗುತ್ತಾನೆ ಎಂದರು. ಅವ್ವ ಒಲ್ಲೆ ಅಂದಳು. ನನಗೆ ಮೈಯೆಲ್ಲ ಉರಿಯಿತು.

"ನಿನ್ನ ಮಾನ ಜ್ವಾಪಾನ ಇಟ್ಕೊ. ಮಗನ್ನ ಹುಗದು ಬಿಡು."

ಅವ್ವ ಕಪಾಳಕ್ಕೆ ಬಾರಿಸಿದಳು. ನನ್ನ ತುಟಿ ಒಡೆಯಿತು. ಆದರೆ ಕರೆದ ದಿನ ಕೋರ್ಟಿಗೆ ಬಂದಳು.

ಸಾಕ್ಷಿ ಕಟ್ಟೆಯಲ್ಲಿ ಎಲ್ಲ ಹೇಳಿದಳು. ಮೊದಲು ಮನೆಯಲ್ಲಿದ್ದೆ ಎಂದವಳು ಈಗ ಮಗನಿಗಾಗಿ ಕಥೆ ಕಟ್ಟುತ್ತಿದ್ದೀಯ ಎಂದು ಸರ್ಕಾರಿ ವಕೀಲರು ಗದರಿಸಿದರು. ಅವ್ವ ತಲೆಯ ಮೇಲಿನ ಸೆರಗು ಸರಿಸಿ, ಬಗ್ಗಿ ನಿಂತಳು. ನೆತ್ತಿಯ ಹಿಂದೆ ಅಂಗೈ ಅಗಲ ಚರ್ಮ ಗಂಟುಗಟ್ಟಿತ್ತು, ಒಂದು ಕೂದಲೂ ಇರಲಿಲ್ಲ. ಹೆತ್ತ ಮಗಳು ನಾನು, ಅದನ್ನು ಅಂದೇ ಕಂಡದ್ದು.

ಅಣ್ಣ ಕಟಕಟೆಯ ಸರಳು ಹಿಡಿದು ಅಳತೊಡಗಿದ. "ಮುಚ್ಕೋಬೇ ಅವ್ವಾ. ನಾ ಜೈಲಾಗ ಇರ್ತೀನಿ."

"ಸುಮ್ ನಿಂದ್ರು. ನೋಡ್ಲಿ ಎಲ್ಲಾರೂ."

ಜಡ್ಜರು ಸಾಕಮ್ಮ ಎಂದ ಮೇಲೂ ಅವಳು ಸೆರಗು ಎಳೆದುಕೊಳ್ಳಲಿಲ್ಲ.