ಪೂಜೆಯ ದಿನ ಹೊಳೆಗೆ ಹೋದ ಶ್ರೀಕಂಠ

ಮೊಟ್ಟೆ ಹಾಕಿದ ಕೇಕನ್ನು ಮೂಸಿ ನೋಡಿ ಪಕ್ಕಕ್ಕಿಡುವ ಮನುಷ್ಯನಿಗೆ ಮೀನಿನ ಹುಚ್ಚು ಹಿಡಿಯಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಕಡಲಾಚೆಯ ಮಿಸಿಸಾಗಾದಲ್ಲಿ ಮನೆ ಮಾಡಿ, ಮೆಡೋವೇಲ್‌ನ ಸಾಫ್ಟ್‌ವೇರ್ ಆಫೀಸೊಂದರಲ್ಲಿ ಬೇರೆಯವರ ಪ್ರೋಗ್ರಾಮುಗಳ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದ ಶ್ರೀಕಂಠನಿಗೆ ಈ ಹುಚ್ಚು ಹಿಡಿದಿದೆ ಎಂದರೆ ಯಾರೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ.

ಹಿಡಿದದ್ದು ಊಟದ ವಿರಾಮದಲ್ಲಿ. ತೊಂಬತ್ತೊಂದರ ಏಪ್ರಿಲ್‌ನಲ್ಲಿ ಒಂದು ದಿನ ಮೊಸರನ್ನದ ಡಬ್ಬಿ ಖಾಲಿ ಮಾಡಿ, ನಾಲ್ಕು ಹೆಜ್ಜೆ ಹಾಕಿ ಬರೋಣ ಅಂತ ಕ್ರೆಡಿಟ್ ನದಿಯ ದಂಡೆಗೆ ಇಳಿದ. ಅಲ್ಲೊಂದು ಹಳೆಯ ಗಿರಣಿಯ ಒಡ್ಡು. ಅವನು ನೋಡುತ್ತಿದ್ದಂತೆಯೇ ನೀರಿನಿಂದ ತೋಳುದ್ದದ ಬೆಳ್ಳಿ ಬಣ್ಣದ ಮೀನೊಂದು ಮೇಲಕ್ಕೆ ಹಾರಿ, ಕಾಂಕ್ರೀಟು ಗೋಡೆಗೆ ಧಪ್ಪನೆ ಬಡಿದು ಕೆಳಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಬಿದ್ದದ್ದೇ ಮತ್ತೆ ಹಾರಿತು, ಮತ್ತೆ ಬಡಿಯಿತು. ಆ ಗೋಡೆಯನ್ನು ಕಟ್ಟಿದವರ ಮೇಲೆ ಶ್ರೀಕಂಠನಿಗೆ ಬಂದ ಸಿಟ್ಟು ಅವನಿಗೇ ಹೊಸದು.

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ವಾಲ್ಟರ್ ಎಂಬ ಮುದುಕ ದೊಡ್ಡ ಬಲೆಯಲ್ಲಿ ಆ ಮೀನುಗಳನ್ನು ಒಂದೊಂದಾಗಿ ಎತ್ತಿ ಒಡ್ಡಿನಾಚೆಗೆ ಬಿಡುತ್ತಿದ್ದ. ಇವು ಸ್ಟೀಲ್‌ಹೆಡ್, ಸರೋವರದಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆ ಹತ್ತಿ ಬರುತ್ತವೆ, ಇಲ್ಲಿ ದಾರಿ ಕಟ್ಟಿಹೋಗಿದೆ ಎಂದು ಹೇಳಿ, ಸುಮ್ಮನೆ ನೋಡುತ್ತ ನಿಲ್ಲುವ ಬದಲು ಬಲೆಯ ಇನ್ನೊಂದು ಹಿಡಿ ಹಿಡಿದುಕೋ ಅಂದ. ಶ್ರೀಕಂಠ ಆಫೀಸಿನ ಬೂಟಿನಲ್ಲೇ ನೀರಿಗಿಳಿದ. ಆ ಮಧ್ಯಾಹ್ನದ ಮೀಟಿಂಗಿನಲ್ಲಿ ಅವನ ಪ್ಯಾಂಟಿನಿಂದ ಕಾರ್ಪೆಟ್ಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ.

ಅಲ್ಲಿಂದ ಮುಂದೆ ವಾಲ್ಟರನ ಹೊಳೆ ಕಾಯುವ ಕ್ಲಬ್ಬೇ ಅವನ ಎರಡನೇ ಮನೆ. ದಂಡೆಯ ಮಣ್ಣು ಜಾರದಂತೆ ಗಿಡ ನೆಡುವುದು, ಹೊಳೆಗೆ ಬಿದ್ದ ಟೈರು, ಶಾಪಿಂಗ್ ಗಾಡಿ ಎಳೆದು ಹಾಕುವುದು, ಮೀನಿನ ಮೊಟ್ಟೆಗಳನ್ನು ತಟ್ಟೆಗಳಲ್ಲಿ ಮರಿ ಮಾಡಿ ಬಿಡುವುದು. ಕನ್ನಡ ಸಂಘದವರು ಅವನಿಗೆ ‘ಹೊಳೆ ಶ್ರೀಕಂಠ’ ಎಂದು ಹೆಸರಿಟ್ಟು, ಒಂದು ಯುಗಾದಿಗೆ ಶಾಲು ಹೊದಿಸಿ ಫೋಟೋ ಸಹ ತೆಗೆಸಿದರು.

ಶಾಲು ಹೊದಿಸಿದವರಿಗೆ ಗೊತ್ತಿಲ್ಲದ್ದು ಒಂದಿತ್ತು. ಶ್ರೀಕಂಠ ಗಾಳವನ್ನೂ ಹಾಕುತ್ತಿದ್ದ. ಮೀನನ್ನು ತಿನ್ನುವ ಮಾತೇ ಇಲ್ಲ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಹಿಡಿದದ್ದನ್ನು ನೀರಿನಲ್ಲೇ ಬಿಡಿಸಿ ಕಳಿಸುತ್ತಿದ್ದ. ಆದರೆ ಆ ಸ್ಟೀಲ್‌ಹೆಡ್ ದಾರದ ತುದಿಯಲ್ಲಿ ಓಡುವಾಗ ಅವನ ಮೈಯಲ್ಲಿ ಹರಿಯುತ್ತಿದ್ದದ್ದಕ್ಕೆ ಅವನು ಇವತ್ತಿಗೂ ಹೆಸರಿಟ್ಟಿಲ್ಲ. ಅದಕ್ಕೆ ಬೇಕಾದ ಎರೆಯೆಂದರೆ ಉಪ್ಪು ಸಕ್ಕರೆ ಬೆರೆಸಿ ಕೆಡದಂತೆ ಮಾಡಿದ ಮೀನಿನ ಮೊಟ್ಟೆ, ಕೇಸರಿ ಬಣ್ಣದ ದುಂಡು ಕಾಳು.

ಹೆಂಡತಿ ಉಷಾಗೆ ಎಲ್ಲ ಗೊತ್ತಿತ್ತು. ಅವಳ ಷರತ್ತು ಎರಡೇ. ಆ ಮೊಟ್ಟೆ ಬೇಸ್‌ಮೆಂಟಿನ ಹಳೇ ಫ್ರಿಜ್ಜಿನ ಕೆಳಗಿನ ಖಾನೆ ಬಿಟ್ಟು ಮೇಲೆ ಬರಕೂಡದು, ಗಾಳದ ವಿಷಯ ಅತ್ತೆಯ ಕಿವಿಗೆ ಬೀಳಕೂಡದು.

ಅತ್ತೆ ಅಂದರೆ ಶ್ರೀಕಂಠನ ತಾಯಿ ವಿಶಾಲಾಕ್ಷಮ್ಮ. ಎರಡು ಸಾವಿರದ ಎರಡರ ಮಾರ್ಚಿನಲ್ಲಿ ಮೈಸೂರಿನಿಂದ ಬಂದಿದ್ದರು. ಮಡಿಯವರು, ಅದಕ್ಕಿಂತ ಹೆಚ್ಚಾಗಿ ನಿಜದವರು. ಫೋನ್ ಬಂದಾಗ ‘ಅವರು ಮನೇಲಿಲ್ಲ ಅಂತ ಹೇಳಮ್ಮ’ ಎಂದು ಯಾರಾದರೂ ಸನ್ನೆ ಮಾಡಿದರೆ ‘ಇದ್ದಾನೆ, ಮಾತಾಡೋಕೆ ಇಷ್ಟ ಇಲ್ವಂತೆ’ ಅನ್ನುವ ಪೈಕಿ. ಬಂದ ಎರಡನೇ ವಾರ ಶ್ರೀಕಂಠ ಅವರನ್ನು ಕ್ಲಬ್ಬಿನ ಮೊಟ್ಟೆಮನೆಗೆ ಕರೆದುಕೊಂಡು ಹೋಗಿದ್ದ. ತಟ್ಟೆಯಲ್ಲಿ ತಣ್ಣೀರಿನ ಕೆಳಗೆ ಹೊಳೆಯುವ ಕಾಳುಗಳನ್ನು ಕಂಡು ಅವರು ಕೈಮುಗಿದರು. ‘ಇವಕ್ಕೆಲ್ಲ ನೀನು ತಾಯಿಯೇ ಕಣೋ’ ಅಂದರು. ಮಗ ಸುಮ್ಮನೆ ತಲೆಯಾಡಿಸಿದ. ಆ ಮಾತು ಅವನಿಗೆ ಬೇಕಾಗಿತ್ತು, ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಆ ವರ್ಷ ಟ್ರೌಟ್, ಅಂದರೆ ಈ ಸ್ಟೀಲ್‌ಹೆಡ್ ಜಾತಿಯ ಮೀನಿಗೆ ಗಾಳ ಹಾಕುವ ಹಂಗಾಮು ಶುರುವಾಗುವ ಶನಿವಾರವೇ ಹುಣ್ಣಿಮೆ ಬಂತು. ಸಂಜೆ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನಾರ್ತ್ ಯಾರ್ಕ್‌ನಿಂದ ಹಿಡಿದು ಕ್ಲೈನ್‌ಬರ್ಗ್‌ವರೆಗಿನ ನೆಂಟರಿಷ್ಟರೆಲ್ಲ ಬರುವವರು. ‘ಆರು ಗಂಟೆಗೆ ಪೂಜೆಗೆ ಕೂರ್ಬೇಕು, ಆ ಹೊಳೆಗಿಳಿಯೋ ರಬ್ಬರ್ ವೇಡರ್ಸ್ ಹಾಕ್ಕೊಂಡು ಬಂದ್ರೆ ಒಳಗೆ ಸೇರಿಸಲ್ಲ’ ಎಂದು ಉಷಾ ಹಿಂದಿನ ರಾತ್ರಿಯೇ ಎಚ್ಚರಿಸಿದ್ದಳು. ಬೆಳಗಾಗುವ ಮೊದಲೇ ಶ್ರೀಕಂಠ ದೀಪ ಹಾಕದೆ ಬೇಸ್‌ಮೆಂಟಿಗೆ ಇಳಿದು, ಫ್ರಿಜ್ಜಿನಿಂದ ಎರೆಗೆಂದು ಮೊಸರಿನ ಡಬ್ಬವನ್ನು ಎತ್ತಿಕೊಂಡು ಕಾರು ಹತ್ತಿದ. ಮೊಸರಿನ ಡಬ್ಬದಲ್ಲಿ ಮೊಸರೊಂದನ್ನು ಬಿಟ್ಟು ಬೇರೆಲ್ಲ ಇರುವುದು ಇಲ್ಲಿಯ ಕನ್ನಡದ ಮನೆಗಳಲ್ಲಿ ಹೊಸ ಸಂಗತಿಯಲ್ಲ.

ಬೆಳಿಗ್ಗೆ ಸೀಡರ್ ಸಸಿಗಳನ್ನು ನೆಟ್ಟದ್ದಾಯಿತು. ಆಮೇಲೆ ಒಡ್ಡಿನ ಬಳಿ ಮೀನು ಎತ್ತುವ ಕೆಲಸ. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಈಗ ಎಂಬತ್ತು ದಾಟಿದ ವಾಲ್ಟರ್ ದಂಡೆಯ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಬೈಯುತ್ತಿದ್ದ. ಬಸುರಿ ಮೀನೊಂದು ಶ್ರೀಕಂಠನ ಎರಡೂ ಕೈಯಲ್ಲಿ ಒದ್ದಾಡಿ, ಒಡ್ಡಿನಾಚೆಯ ನೀರು ಮುಟ್ಟಿದ್ದೇ ಬಾಲ ಬೀಸಿ ಅವನ ಮುಖಕ್ಕೆ ನೀರೆರಚಿ ಹೋಯಿತು. ಅವನು ಮುಖ ಒರೆಸಿಕೊಳ್ಳಲೂ ಇಲ್ಲ.

ಮಧ್ಯಾಹ್ನ ದಾಟಿದ ಮೇಲೆ ತನ್ನ ಪಾಲಿನ ಸುಖಕ್ಕೆ ಅಂತ ಗಾಳ ಹಿಡಿದು ಕೆಳಗಿನ ಮಡುವಿಗೆ ಬಂದ. ಡಬ್ಬದ ಮುಚ್ಚಳ ತೆಗೆದ. ಘಮ್ಮೆಂದು ಏಲಕ್ಕಿ ವಾಸನೆ ಬಂತು.

ಒಳಗಿದ್ದದ್ದು ಬೂಂದಿ. ಉಷಾ ನೈವೇದ್ಯಕ್ಕೆಂದು ಹಿಂದಿನ ದಿನ ಕರಿದು, ಕೇಸರಿ ಹಾಕಿ, ಪಾಕದಲ್ಲಿ ಅದ್ದಿಟ್ಟಿದ್ದ ಬೂಂದಿ. ಮೇಲಿನ ಫ್ರಿಜ್ಜಿನಲ್ಲಿ ಜಾಗವಿಲ್ಲದೆ ಕೆಳಗೆ ತಂದಿಟ್ಟಿರಬೇಕು. ಹಾಗಾದರೆ ಅದೇ ಥರದ ಇನ್ನೊಂದು ಡಬ್ಬ ಈಗ ಎಲ್ಲಿದೆ ಎಂಬುದು ತಲೆಗೆ ಹೊಳೆದದ್ದೇ ಶ್ರೀಕಂಠ ಮುಚ್ಚಳ ಒತ್ತಿ ಮುಚ್ಚಿದ. ಬೆಳ್ಳಿ ಬಟ್ಟಲಲ್ಲಿ ಮೀನಿನ ಮೊಟ್ಟೆ. ಮೇಲೆ ತುಳಸಿ ದಳ. ಅಮ್ಮನ ಅಂಗೈ.

ಕಾರಿನಿಂದ ಮನೆಗೆ ಫೋನ್ ಮಾಡಿದ. ಎಂಗೇಜ್. ಹ್ಯಾಟು ದಂಡೆಯಲ್ಲೇ ಬಿಟ್ಟು, ವೇಡರ್ಸಿನಲ್ಲೇ ಕೂತು ಗಾಡಿ ಓಡಿಸಿದ. ಪ್ರತಿ ಕೆಂಪು ದೀಪದಲ್ಲೂ ಫೋನ್ ಮಾಡಿದ, ಪ್ರತಿ ಸಲವೂ ಎಂಗೇಜ್. ದೇವರಲ್ಲಿ ಏನಂತ ಬೇಡಿಕೊಳ್ಳುವುದು ಎಂದು ಕೂಡ ತಿಳಿಯದಷ್ಟು ಗಾಬರಿಯಾಗಿದ್ದ.

ಮನೆಯ ಮುಂದೆ ಆಗಲೇ ಕಾರುಗಳಿದ್ದವು. ಬಾಗಿಲು ತೆಗೆದ ಉಷಾಳ ಮುಖ ಬಿಳಿಚಿಕೊಂಡಿತ್ತು. ಅವಳು ಮಾತಾಡುವ ಮೊದಲೇ ಹಿಂದಿನಿಂದ ನಿಜಲಿಂಗಪ್ಪ ಬಂದು ಅವನ ಕೈ ಹಿಡಿದುಕೊಂಡರು. ಧಾರವಾಡದ ಕಡೆಯವರು, ಕ್ಲೈನ್‌ಬರ್ಗ್‌ನಲ್ಲಿ ದೊಡ್ಡ ಮನೆ, ದೊಡ್ಡ ದನಿ.

‘ಏನ್ ಶ್ರೀಕಂಠ ಅವರ, ಗಿಡಾ ಹಚ್ಚತೀರಿ ಅಂತಷ್ಟ ಗೊತ್ತಿತ್ತು ನೋಡ್ರಿ. ಮನ್ಯಾಗ ತತ್ತಿ ಇಟಗೊಂಡು ಸಾಕತೀರಿ ಅಂತ ಗೊತ್ತಿರಲಿಲ್ಲ. ನಿಮ್ಮ ತಾಯಿಯವ್ರು ಎಲ್ಲಾ ಹೇಳಿದ್ರು.’

ಶ್ರೀಕಂಠ ಒಳಗೆ ಇಣುಕಿದ. ದೇವರ ಮಂಟಪದಿಂದ ದೂರ, ಹಿತ್ತಿಲ ಬಾಗಿಲ ತಂಪಿನಲ್ಲಿ ಒಂದು ಮಣೆ. ಮಣೆಯ ಮೇಲೆ ಮೊಸರಿನ ಡಬ್ಬ, ಅದಕ್ಕೆ ಒದ್ದೆ ಬಟ್ಟೆಯ ಹೊದಿಕೆ. ಪಕ್ಕದಲ್ಲಿ ಕಾವಲು ಕೂತವರ ಹಾಗೆ ವಿಶಾಲಾಕ್ಷಮ್ಮ.

‘ಉಷಾ ಬೂಂದಿ ಅಂತ ಬಟ್ಟಲಿಗೆ ಸುರಿಯೋಕೆ ಹೋಗಿದ್ಲು ಕಣೋ. ಮೊಟ್ಟೆಮನೇಲಿ ನೋಡಿದ್ನಲ್ಲ, ನಂಗೆ ತಕ್ಷಣ ಗುರುತಾಯ್ತು. ಇಷ್ಟು ಹೊತ್ತು ಮುಚ್ಚಿದ ಡಬ್ಬದಲ್ಲಿಟ್ರೆ ಉಸಿರು ಕಟ್ಟಲ್ವಾ? ಬೂಟು ಬಿಚ್ಚಬೇಡ, ಹಾಗೇ ನಡಿ. ಪೂಜೆಗೆ ಮುಂಚೆ ಇವನ್ನ ಹೊಳೆಗೆ ಬಿಟ್ಟು ಬರೋಣ, ನಾನೂ ಬರ್ತೀನಿ.’

ಹತ್ತು ವರ್ಷದ ಮಗಳು ದೀಪ್ತಿ ಅಪ್ಪನ ಪಕ್ಕ ಬಂದು ನಿಂತಳು. ‘ಅಜ್ಜಿ says they’re all alive. Are they?’ ಶ್ರೀಕಂಠ ಡಬ್ಬವನ್ನು ಎತ್ತಿಕೊಂಡು ಕಾರಿನತ್ತ ನಡೆದುಬಿಟ್ಟ.

ದಾರಿಯುದ್ದಕ್ಕೂ ಡಬ್ಬ ಅಮ್ಮನ ತೊಡೆಯ ಮೇಲಿತ್ತು. ತಿರುವಿನಲ್ಲಿ ಅದು ಅಲುಗಿದರೆ ಅವರು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಸುಮ್ಮನಿದ್ದರೆ ಏನೂ ಆಗುವುದಿಲ್ಲ, ನೀರಿಗೆ ಸುರಿದು ಬಂದರೆ ಮುಗಿಯಿತು ಎಂದು ಶ್ರೀಕಂಠ ತನಗೆ ತಾನೇ ಹೇಳಿಕೊಂಡ. ಹೊಳೆಯ ಹತ್ತಿರ ಬರುವವರೆಗೂ ಹೇಳಿಕೊಳ್ಳುತ್ತಲೇ ಇದ್ದ.

ದಂಡೆಯಲ್ಲಿ ವಿಶಾಲಾಕ್ಷಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿ, ಆ ಕೊರೆಯುವ ನೀರಿಗೆ ಬರಿಗಾಲಲ್ಲಿ ಇಳಿದರು. ಏನೋ ಮಣಮಣಿಸುತ್ತ ಹಿಡಿಯಷ್ಟು ಕಾಳನ್ನು ನೀರಿನಲ್ಲಿ ಮೆಲ್ಲಗೆ ತೇಲಿಬಿಟ್ಟರು. ‘ಹೋಗಿ ಬನ್ನಿ ಕಂದಾ’ ಅಂದರು. ಕಾಲು ಆಗಲೇ ಕೆಂಪಗಾಗಿತ್ತು. ಅದನ್ನು ನೋಡಿ ಶ್ರೀಕಂಠನಿಗೆ ತಡೆಯಲಾಗಲಿಲ್ಲ.

‘ಅಮ್ಮ, ಮೇಲೆ ಬಾ. ಅವು ಮರಿ ಆಗಲ್ಲ.’

‘ಯಾಕೋ?’

‘ಉಪ್ಪು ಹಾಕಿದೀನಿ. ಸತ್ತು ಎಷ್ಟೋ ದಿನ ಆಯ್ತು. ಅದು ಗಾಳಕ್ಕೆ. ನಾನು ಮೀನು ಹಿಡೀತೀನಿ ಅಮ್ಮ.’

ವಿಶಾಲಾಕ್ಷಮ್ಮ ತಿರುಗಿ ನೋಡಿದರು. ಅರ್ಥವಾಗದವರ ಹಾಗೆ ಮೊದಲು ಡಬ್ಬವನ್ನು, ಆಮೇಲೆ ಮಗನನ್ನು. ಸಣ್ಣ ದನಿಯಲ್ಲಿ ಕೇಳಿದರು.

‘ತಿಂತೀಯಾ?’

‘ಛೆ, ಇಲ್ಲ. ಒಂದು ದಿನಾನೂ ಇಲ್ಲ. ಹಿಡಿದು ಬಿಟ್ಬಿಡ್ತೀನಿ.’ ಇದನ್ನು ಕೇಳಿದರೆ ಅಮ್ಮನಿಗೆ ಸಮಾಧಾನವಾಗುತ್ತದೆ ಎಂದು ಅವನು ನಿಜವಾಗಿಯೂ ನಂಬಿದ್ದ.

‘ತಿನ್ನಲ್ವಾ’ ಅಂದರು ಅವರು. ‘ತಿಂದಿದ್ರೆ, ಹೋಗ್ಲಿ, ಈ ದೇಶದ ಚಳಿ, ಹೊಟ್ಟೆ ಕೇಳ್ತು ಅಂದ್ಕೊಳ್ತಿದ್ದೆ. ಹಸಿವಿಲ್ಲದೆ ಅದರ ಬಾಯಿಗೆ ಕೊಕ್ಕೆ ಹಾಕ್ತೀಯಲ್ಲ, ಯಾಕೋ?’

ಹನ್ನೊಂದು ವರ್ಷ ಅವನು ಈ ಪ್ರಶ್ನೆಗೆ ಬೇಕಾದಷ್ಟು ಉತ್ತರ ಓದಿದ್ದ, ಕ್ಲಬ್ಬಿನಲ್ಲಿ ಬೇರೆಯವರಿಗೆ ಹೇಳಿಯೂ ಇದ್ದ. ಗಾಳ ಹಾಕುವವರೇ ಹೊಳೆ ಕಾಯುವವರು, ಮುಳ್ಳು ಚಪ್ಪಟೆ ಮಾಡಿದರೆ ನೋವು ಕಡಿಮೆ, ಹೀಗೆ. ಆ ದಂಡೆಯಲ್ಲಿ, ಅಮ್ಮನ ಒದ್ದೆ ಕಾಲಿನ ಮುಂದೆ ಅವುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ‘ಖುಷಿಯಾಗುತ್ತೆ’ ಅಂದ. ಆ ಮಾತು ಹೊರಬಿದ್ದಾಗ ಅವನಿಗೇ ದಿಗಿಲಾಯಿತು.

ವಿಶಾಲಾಕ್ಷಮ್ಮ ನೀರಿನಿಂದ ಮೇಲೆ ಬಂದರು. ಡಬ್ಬದಲ್ಲಿ ಉಳಿದದ್ದನ್ನು ಮಗನ ಕೈಗಿತ್ತು, ಹೋಗಿ ಕಾರಿನಲ್ಲಿ ಕೂತರು. ವಾಪಸು ಬರುವಾಗ ಹೀಟರ್ ಹಾಕಲಾ ಅಂತ ಅವನು ಕೇಳಿದ, ಬೇಡ ಅಂದರು. ಅಷ್ಟೇ ಮಾತು.

ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಶ್ರೀಕಂಠ ಹೊಸ್ತಿಲಲ್ಲೇ ನಿಂತುಬಿಟ್ಟ. ಅಮ್ಮನಿಗೆ ಸುಳ್ಳು ಬರುವುದಿಲ್ಲ, ಇನ್ನೊಂದು ಗಳಿಗೆಯಲ್ಲಿ ಇಡೀ ಊರಿಗೆ ಗೊತ್ತಾಗುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಗೊತ್ತಾಗಲಿ ಎಂದೂ ಅನ್ನಿಸಿತು.

‘ಏನವ್ವಾ, ಬಿಟ್ಟು ಬಂದ್ರಿ?’ ಎಂದು ನಿಜಲಿಂಗಪ್ಪ ಕೇಳಿದರು. ದೀಪ್ತಿ ಅಜ್ಜಿಯ ಸೆರಗು ಹಿಡಿದು ಮುಖ ಎತ್ತಿ ನೋಡುತ್ತಿದ್ದಳು.

ವಿಶಾಲಾಕ್ಷಮ್ಮ ಮೊಮ್ಮಗಳ ತಲೆ ಸವರಿದರು. ‘ಹೂಂ, ಬಿಟ್ಟು ಬಂದ್ವಿ. ಎಲ್ಲ ಚೆನ್ನಾಗಿ ಹೋದ್ವು.’

ಯಾರೋ ಚಪ್ಪಾಳೆ ತಟ್ಟಿದರು. ಶ್ರೀಕಂಠನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸ್ನಾನ ಮಾಡಿ, ಪಂಚೆಯುಟ್ಟು ಪೂಜೆಗೆ ಕೂತ. ಪುರೋಹಿತರು ಕಥೆ ಓದಿದರು, ಕೊಟ್ಟ ಪ್ರಸಾದವನ್ನು ಬೇಡವೆಂದವರ ಹಡಗು ಮುಳುಗಿದ್ದು, ಮನೆ ಹಾಳಾದದ್ದು, ಎಲ್ಲ. ವಿಶಾಲಾಕ್ಷಮ್ಮ ಕಣ್ಣುಮುಚ್ಚಿ ಕೇಳಿದರು. ಮಂಗಳಾರತಿಯಾದ ಮೇಲೆ ಶ್ರೀಕಂಠ ತಾನೇ ಸಪಾದಭಕ್ಷ್ಯದ ಪ್ರಸಾದವನ್ನು ಬಟ್ಟಲಿಗೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಅಮ್ಮನ ಮುಂದೆ ಹಿಡಿದ.

ಅವರು ಕೈ ಚಾಚಲಿಲ್ಲ. ಬಟ್ಟಲಿಗೆ ನಮಸ್ಕಾರ ಮಾಡಿ, ಮಗನಿಗಷ್ಟೇ ಕೇಳುವ ಹಾಗೆ ಹೇಳಿದರು.

‘ಬೇಡಪ್ಪ. ಇವತ್ತು ಈ ಬಾಯಿಗೆ ಬೇಡ. ಅವರಿಗೆಲ್ಲ ಕೊಡು.’

ಶ್ರೀಕಂಠ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದ. ಹಿಂದಿನಿಂದ ಉಷಾ, ಜನ ಕಾಯ್ತಿದಾರೆ, ಬೇಗ ಹಂಚಿ ಅಂದಳು.