ಸೀರೆಗೆ ಅಂಟಿದ ವಾಸನೆ

ಇದನ್ನು ನನಗೆ ಮೊದಲು ಹೇಳಿದವರು ಉಡುಪಿ ಕಡೆಯ ಸುಮತಿಯಕ್ಕ. ಮದುವೆಗೆಂದು ರೇಷ್ಮೆ ಸೀರೆ ಉಟ್ಟು ಮುಂಬಯಿಯ ಸಯನ್‌ನಲ್ಲಿ ಲೋಕಲ್ ರೈಲು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅವರ ಪರಿಚಯವೇ ಆಗ ನನಗಿರಲಿಲ್ಲ.

“ಬೇಜಾರು ಮಾಡ್ಬೇಡಿ, ನಿಮ್ಮ ಸೀರೆಗೆ ಬೂಷ್ಟಿನ ವಾಸನೆ ಉಂಟು,” ಎಂದರು.

“ಅದು ನುಸಿಗುಳಿಗೆ ವಾಸನೆ,” ಎಂದೆ, ಮುಖ ಬಿಗಿದುಕೊಂಡು.

“ಅದರ ಅಡಿಯಲ್ಲಿ ಇನ್ನೊಂದು ಉಂಟಲ್ಲ. ಕಪಾಟಿರುವ ಕೋಣೆಯಲ್ಲಿ ಯಾರು ಮಲಗುವುದು? ಕೆಮ್ಮು ಉಂಟಾ?”

ಮಲಗುವುದು ನನ್ನ ಮಗಳು. ಮಳೆಗಾಲವಿಡೀ ಕೆಮ್ಮುತ್ತಿದ್ದಳು, ಅಜ್ಜಿ ಮನೆಗೆ ಹೋದರೆ ಮಾತ್ರ ನಿಲ್ಲುತ್ತಿತ್ತು. “ಮನೆಗೆ ಹೋಗಿ ಕಪಾಟಿನ ಹಿಂದೆ ಒಮ್ಮೆ ನೋಡಿ,” ಎಂದರು.

ಮನೆಗೆ ಬಂದು ಕಪಾಟು ಸರಿಸಿದರೆ, ಹಿಂದೆ ಬಾತ್‌ರೂಮಿಗೆ ತಾಗಿದ ಗೋಡೆ ಬೂಷ್ಟು ಹಿಡಿದು ಕಪ್ಪಗಾಗಿತ್ತು. ಪ್ರತಿ ಗಣಪತಿ ಹಬ್ಬಕ್ಕೂ ನೆಂಟರ ಕಣ್ಣಿಗೆ ಬೀಳುವ ಗೋಡೆಗಳಿಗಷ್ಟೇ ನಾವು ಬಣ್ಣ ಹೊಡೆಸುವುದು.

ಮಗಳನ್ನು ಅಜ್ಜಿ ಮನೆಗೆ ಕಳಿಸಿ, ಸೋರುವ ಪೈಪ್ ಸರಿಮಾಡಿಸಿ, ಮಾಸ್ಕ್ ಹಾಕಿಕೊಂಡು ಗೋಡೆ ಉಜ್ಜಿ ಒಣಗಿಸಿದೆವು. ಕಪಾಟು ಈಗ ಗೋಡೆಯಿಂದ ಗೇಣು ದೂರ ನಿಂತಿದೆ. ಒದ್ದೆ ಬಟ್ಟೆಗೆ ಆ ಕೋಣೆಯಲ್ಲಿ ಜಾಗವಿಲ್ಲ. ಮಗಳು ಅಲ್ಲೇ ನೆಮ್ಮದಿಯಾಗಿ ಮಲಗುತ್ತಾಳೆ.

ಆಂಟಾಪ್ ಹಿಲ್‌ನ ನಾದಿನಿಯ ಹತ್ತಿರ ನಾನೂ ಅವಳ ಸೀರೆಯ ವಾಸನೆಯಿಂದಲೇ ಮಾತು ಶುರುಮಾಡಿದೆ. ಅವಳು ಫೋನ್ ಮಾಡುವುದು ನಿಲ್ಲಿಸಿದ್ದಾಳೆ, ಆದರೆ ಕಪಾಟು ಸರಿಸಿದ್ದಾಳಂತೆ. ಕಪಾಟಿನ ಹಿಂದೆ ನೋಡಿಕೊಳ್ಳಿ ಎಂದು ನೀವೂ ನಾಲ್ಕು ಜನಕ್ಕೆ ಹೇಳಿ. ಸೀರೆಯ ಸುದ್ದಿ ಮಾತ್ರ ಎತ್ತಬೇಡಿ.