ಬಂಡೆಮ್ಮನ ಮುಂದಿನ ಗುಡ್ಡೆ

ನಗರದ ಈ ತುದಿಯ ಕುಷಾಯಿಗೂಡದ ನಮ್ಮ ಕಾರ್ಖಾನೆಯಲ್ಲಿ ಯುಪಿಎಸ್ ತಯಾರಾಗುತ್ತಿತ್ತು. ಊರಿನ ಆ ತುದಿಯಲ್ಲಿ ಏಳುತ್ತಿದ್ದ ಸಾಫ್ಟ್‌ವೇರ್ ಕಚೇರಿಗಳಿಗೆ ಎಷ್ಟು ಕೊಟ್ಟರೂ ಸಾಲದು. ಉದ್ದನೆಯ ಮೇಜಿನ ಮುಂದೆ ಹೆಂಗಸರು ಸಾಲಾಗಿ ಕೂತು ಅದರ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರು. ಯಾದಗಿರಿ ಕಡೆಯ ಬಂಡೆಮ್ಮ ಅವರಲ್ಲೊಬ್ಬಳು. ಪೋಲಿಯೋ ಬಡಿದು ಅವಳ ಬಲಗಾಲು ಸೊರಗಿತ್ತು. ಕೂತು ಮಾಡುವ ಕೆಲಸ ಅಂತ ಅವಳಿಗೆ ಸಿಕ್ಕಿದ್ದು ಇದೊಂದೇ.

ಕೈ ಮಾತ್ರ ನಿಧಾನ. ಪಕ್ಕದ ತಾರಾ ಮಹಾ ಚುರುಕು. ತನ್ನದು ಮುಗಿಸಿ, ಬಂಡೆಮ್ಮನ ಪಾಲಿನ ನಾಲ್ಕಾರು ಬೋರ್ಡನ್ನೂ ಮುಗಿಸಿ, ಸದ್ದಿಲ್ಲದೆ ಅವಳ ಮುಂದಿನ ಗುಡ್ಡೆಗೆ ಸೇರಿಸಿಬಿಡುತ್ತಿದ್ದಳು. ಗುಡ್ಡೆಯಲ್ಲಿ ಯಾವುದು ಯಾರದೆಂದು ಯಾರು ನೋಡುತ್ತಾರೆ?

ಮೈಸೂರಿನ ಇಂಜಿನಿಯರ್ ರವಿಶಂಕರ್ ಬಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುದುರೆ ಲಾಳದ ಹಾಗೆ ಗೆರೆ ಎಳೆದ. ಅದಕ್ಕೆ ಸೆಲ್ ಅನ್ನುತ್ತಾರಂತೆ. ಎಲ್ಲರೂ ಲಾಳದೊಳಗೆ ನಿಂತು ಒಂದೊಂದೇ ಬೋರ್ಡನ್ನು ಕೈಯಿಂದ ಕೈಗೆ ಕೊಡಬೇಕು. ನಡುವೆ ಗುಡ್ಡೆ ಬಿತ್ತೆಂದರೆ ನಷ್ಟ. ಅವನ ಲೆಕ್ಕ ಸರಿಯಾಗಿಯೇ ಇತ್ತು, ಸ್ಟೋರಿನಲ್ಲಿ ಕೂತ ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಮನುಷ್ಯ ಕೆಟ್ಟವನೂ ಅಲ್ಲ. ಬಂಡೆಮ್ಮನಿಗೆಂದೇ ಎತ್ತರದ ಸ್ಟೂಲು ಮಾಡಿಸಿಕೊಟ್ಟ.

ಸ್ಟೂಲು ಬಂತು, ಗುಡ್ಡೆ ಹೋಯಿತು. ಬೋರ್ಡು ಅವಳ ಹತ್ತಿರ ಬಂದು ನಿಂತರೆ ಇಡೀ ಸೆಲ್ಲೇ ನಿಲ್ಲುತ್ತಿತ್ತು. ಎಲ್ಲರ ಕಣ್ಣೂ ಅವಳ ಬೆರಳ ಮೇಲೆ. ಬೆರಳು ಇನ್ನಷ್ಟು ನಿಧಾನವಾಗುತ್ತಿತ್ತು.

ತಾರಾ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆಯೇ ಬಂದು, ಬಂಡೆಮ್ಮನ ಪಾಲಿನ ಒಂದಿಷ್ಟು ಬೋರ್ಡು ಮುಗಿಸಿ, ಅವಳ ಸ್ಟೂಲಿನ ಕೆಳಗೆ ಬಟ್ಟೆ ಮುಚ್ಚಿ ಇಡತೊಡಗಿದಳು. ಕೈ ಹಿಂದೆ ಬಿದ್ದಾಗ ಬಂಡೆಮ್ಮ ಅದರಲ್ಲೊಂದನ್ನು ಎತ್ತಿ ಮುಂದಕ್ಕೆ ಕೊಡುತ್ತಿದ್ದಳು. ಒಂದು ದಿನ ರವಿಶಂಕರನ ಬೂಟಿಗೆ ಸಿಕ್ಕಿ ಬಟ್ಟೆ ಸರಿಯಿತು.

"ಇದನ್ನ ಯಾರು ಇಟ್ಟಿದ್ದು?"

ತಾರಾಳ ಮುಖ ಬಿಳಿಚಿತು. ಬಂಡೆಮ್ಮನೇ ಬಾಯಿ ತೆರೆದಳು: "ನಾನೇ ಇಟ್ಟೀನ್ರಿ ಸರ. ಕೈ ಖಾಲಿ ಇದ್ದಾಗ ಹೆಚ್ಚಿಗಿ ಮಾಡಿ ಇಟ್ಟೀನಿ."

ಅವನು ರೇಗಲಿಲ್ಲ. "ಸುಳ್ಳು ಹೇಳ್ಬೇಡಿ ಅಮ್ಮ. ನಿಮ್ ಕೈಲಿ ಹೆಚ್ಚಿಗೆ ಎಲ್ಲಾಗತ್ತೆ?" ಎಂದ, ಮೆತ್ತಗೆ.

ಬಂಡೆಮ್ಮ ಬಗ್ಗಿ ಆ ಬಟ್ಟೆ ಎತ್ತಿ ಮಡಿಸತೊಡಗಿದಳು.

ಸಂಜೆ ಗೇಟಿನಲ್ಲಿ ತಾರಾ ಅವಳ ಕೈ ಹಿಡಿದಳು. "ಯಕ್ಕಾ, ಕೆಲಸ ಬಿಡಬ್ಯಾಡ."

"ಯಾರರ ಹೋಗು ಅಂದಾರೇನು ನನಗ? ಯಾರೂ ಅಂದಿಲ್ಲ ತಂಗಿ."

ಮರುದಿನ ಬಂಡೆಮ್ಮ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಸ್ಟೂಲನ್ನು ನನ್ನ ಸ್ಟೋರಿಗೆ ತಂದಿಟ್ಟರು. ಆ ದಿನ ಬೋರ್ಡು ಎಲ್ಲೂ ನಿಲ್ಲಲಿಲ್ಲ.